ಬಾಗಿಲ ಹೊರಗಿನ ಕುರ್ಚಿ

"ಕಾರ್ಡ್ ಕೇಳೋಕೆ ಬಾಯಿ ಬಂತು, ಅವಳ ಕಾಲು ನೋಡೋಕೆ ಕಣ್ಣು ಬರ್ಲಿಲ್ವಾ ನಿಂಗೆ?"

"ಕಾನೂನು ನಾನು ಮಾಡಿದ್ದಲ್ಲ ಸಿಸ್ಟರ್. ಮೇಲಿನವರನ್ನ ಕೇಳಿ."

"ಮೇಲಿನವರು ಬಾಗಿಲಲ್ಲಿ ಕೂತಿಲ್ಲ. ಕೂತಿರೋನು ನೀನು."

ಹೊರದೇಶಗಳಿಂದ ವಲಸೆ ಬಂದ ತಾಯಂದಿರ ಆರೈಕೆಯಲ್ಲಿ ಈ ಊರಿನಲ್ಲೇ ಎಲ್ಲರಿಗಿಂತ ಅನುಭವಿಯಾದ, ಈಗ ನಿವೃತ್ತರಾಗಿರುವ ನಮ್ಮ ಹಿರಿಯ ನರ್ಸ್ ದೊಡ್ಡಕ್ಕನವರ ಪರಿಚಯ ನನಗಾದದ್ದು, ಹತ್ತೊಂಬತ್ತು ವರ್ಷಗಳ ಹಿಂದೆ ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ನಡೆದ ಈ ಜಗಳದಿಂದ. ನಾನು ಚೀಟಿ ಬರೆಯುವ ಗುಮಾಸ್ತ. ಹೊಗಳುವುದು ನನಗೆ ಬಾರದು, ನಡೆದದ್ದನ್ನು ಬರೆಯುತ್ತೇನೆ.

ಎದೆ, ರಕ್ತ ಎಲ್ಲ ಪರೀಕ್ಷಿಸಿ ಗಟ್ಟಿಮುಟ್ಟಾದವರನ್ನೇ ದೇಶದೊಳಕ್ಕೆ ಬಿಡುವ ಕಾನೂನು, ಬಂದ ಮೇಲೆ ಆರು ತಿಂಗಳು ಅವರಿಗೆ ಮೈಯೇ ಇಲ್ಲವೆಂಬಂತೆ ನಡೆದುಕೊಳ್ಳುತ್ತದೆ. ಅಲ್ಲಿಯವರೆಗೆ ಆರೋಗ್ಯ ಕಾರ್ಡ್ ಇಲ್ಲ. ಕಾರ್ಡ್ ಇಲ್ಲದೆ ನಮ್ಮಲ್ಲಿ ಪ್ರವೇಶವಿಲ್ಲ. ಬಸುರಿಗೂ ಅದೇ. ಅಂದು ಬಂದವಳ ಪಾದ ಊದಿ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿತ್ತು. ನಾನು ಕಾರ್ಡ್ ಕೇಳಿದೆ. ಅವಳು ತಿರುಗಿ ಹೊರಟುಹೋದಳು. ದೊಡ್ಡಕ್ಕ ಕಂಡದ್ದು ಅವಳ ಬೆನ್ನು ಮತ್ತು ಕಾಲು ಮಾತ್ರ. ಬಿ.ಪಿ. ಯಂತ್ರ ಹಿಡಿದು ಬಸ್ ನಿಲ್ದಾಣದವರೆಗೆ ಓಡಿದರು. ಸಿಗಲಿಲ್ಲ.

ಮರುದಿನ ಅವರು ನನ್ನ ಕುರ್ಚಿಯನ್ನೇ ಎತ್ತಿಕೊಂಡು ಹೋಗಿ ಬಾಗಿಲ ಹೊರಗಿಟ್ಟರು.

"ಕಾನೂನು ಬಾಗಿಲಿಂದ ಒಳಕ್ಕೆ ತಾನೇ? ನೀನು ನಿಂತು ಚೀಟಿ ಬರಿ. ಸೊಂಟ ನೆಟ್ಟಗಾಗುತ್ತೆ."

ಅಂದಿನಿಂದ ದಿನವೂ ತಮ್ಮ ಊಟದ ಬಿಡುವಿನಲ್ಲಿ ಆ ಕುರ್ಚಿಯ ಪಕ್ಕ ಮಂಡಿಯೂರಿ, ಕಾರ್ಡಿಲ್ಲದವರ ಬಿ.ಪಿ. ನೋಡಿದರು, ಪಾದ ಒತ್ತಿ ಊತ ನೋಡಿದರು. ಅಪಾಯವಿದ್ದವರನ್ನು ಕೈಹಿಡಿದು ತುರ್ತು ವಿಭಾಗಕ್ಕೆ ನಡೆಸಿಕೊಂಡು ಹೋದರು. ಅಲ್ಲಿ ಕಾರ್ಡ್ ಕೇಳುವಂತಿಲ್ಲ. ಮಳೆ ಬಂದರೆ ಕೊಡೆ ಹಿಡಿಯುವ ಕೆಲಸ ನನ್ನದು. ಕುರ್ಚಿ ಒಳಗಿಡಿಸಲು ಬಂದ ಮೇಲಧಿಕಾರಿಯನ್ನು ಅದರಲ್ಲೇ ಕೂರಿಸಿ, ಬಿ.ಪಿ. ಹೆಚ್ಚಿದೆಯೆಂದು ಉಪ್ಪು ಬಿಡಿಸಿ ಕಳಿಸಿದರು.

ಪ್ರತಿ ಹೊಸಬಳು ಬಂದಾಗಲೂ ನನ್ನನ್ನು ಕೇಳುತ್ತಿದ್ದರು: "ಅವಳೇನಾ ನೋಡು." ಮುಖ ಕಂಡವನು ನಾನೊಬ್ಬನೇ. ಪ್ರತಿ ಸಲ "ಅಲ್ಲ ದೊಡ್ಡಕ್ಕ" ಎಂದಿದ್ದೇನೆ. ಆ ಜಗಳವನ್ನು ಅವರು ಮತ್ತೆಂದೂ ಎತ್ತಲಿಲ್ಲ. ನಾನು ಮರೆತಿಲ್ಲ.

ದೊಡ್ಡಕ್ಕನವರು ನೂರ್ಕಾಲ ಬಾಳಲಿ. ಅವರ ಕೈಗೆ ಇನ್ನೂ ಸಾವಿರ ತಾಯಂದಿರ ನಾಡಿ ಸಿಗಲಿ. ಕುರ್ಚಿ ಹೊರಗೇ ಇರುತ್ತದೆ, ನನ್ನ ಮಾತು.

ಕೊನೆಯ ದಿನ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತರು.

"ಅವಳು ಬಂದ್ರೆ ನಂಗೆ ಹೇಳಿ ಕಳಿಸು."

"ಅವಳ ಮಗನಿಗೇ ಈಗ ಮೀಸೆ ಬಂದಿರುತ್ತೆ ದೊಡ್ಡಕ್ಕ."

"ಬಂದಿರ್ಲಿ ಕಣೋ," ಎಂದರು. ಕುರ್ಚಿಯ ಬೆನ್ನನ್ನೊಮ್ಮೆ ಸವರಿ, ಮೆಟ್ಟಿಲಿಳಿದು ಹೋದರು.