ಹೆಸರು ಹಿಡಿದು ಹೇಳಬೇಕು

ಸಿಂದಗಿಯ ಡಾಕ್ಟರ್ ಗುರುಲಿಂಗಪ್ಪನವರು ವೈದ್ಯಕೀಯ ಪತ್ರಿಕೆ ಬಂದರೆ ಅದನ್ನು ಉರ್ದು ಪುಸ್ತಕದ ಹಾಗೆ ಹಿಂದಿನಿಂದ ತೆರೆಯುತ್ತಾರೆ. ಬರೆದವರು ಯಾರ್ಯಾರ ಲೇಖನಗಳನ್ನು ಆಧರಿಸಿದ್ದಾರೆಂಬ ಪಟ್ಟಿ ಇರುವುದು ಅಲ್ಲಿಯೇ. ಕುಡಿಯುವ ನೀರಿನೊಳಗಿನ ಹುಳದಿಂದ ಕಾಲಿಗೆ ಬರುವ ನಾರುಹುಣ್ಣಿನ ಮೇಲೆ ತಾವು ಬರೆದದ್ದನ್ನು ಯಾರು ನೆನೆದರು, ಯಾರು ನುಂಗಿದರು ಎಂಬುದು ಮೊದಲು ತಿಳಿಯಬೇಕು. ಹೆಸರು ಕಂಡರೆ ದವಾಖಾನೆಗೆಲ್ಲ ಚಹಾ. ಕಾಣದಿದ್ದರೆ ಅಂದು ರೋಗಿಗಳಿಗೆ ಸೂಜಿಯೂ ದಪ್ಪ. "ನನ್ನ ಮಾತ ಕದ್ದಾನ, ಹೆಸರ ಬಿಟ್ಟಾನ!" ಎಂದು ಊಟಕ್ಕೆ ಕೂತಲ್ಲೇ ಗುಡುಗುತ್ತಾರೆ. "ಆ ಹುಳಕ್ಕರ ನಿಮ್ಮ ಹೆಸರ ಇಡಬೇಕಿತ್ತು ಬಿಡ್ರಿ," ಎಂದು ಹೆಂಡತಿ ಇಂದುಬಾಯಿ ಇನ್ನೊಂದು ರೊಟ್ಟಿ ಹಾಕುತ್ತಾರೆ. ಮೊನ್ನೆ ಮನಗೂಳಿಯ ಬಾವಿಯ ಹತ್ತಿರ ಹಾದು ಹೋಗುವಾಗ, ಮುದುಕಿ ಚಂದವ್ವ ಕೊಡದ ಬಾಯಿಗೆ ಅರಿವೆ ಕಟ್ಟಿ ನೀರು ಸೋಸುತ್ತ ಸೊಸೆಗೆ ಹೇಳುತ್ತಿದ್ದುದು ಅವರ ಕಿವಿಗೆ ಬಿತ್ತು: "ಸೋಸಲಾರದ ನೀರ ಕುಡದ್ರ ನಾರುಹುಣ್ಣ ಆಗತೈತಂತ ಡಾಕ್ಟರ್ ಹೇಳ್ಯಾರ." ಡಾಕ್ಟರು ಗಕ್ಕನೆ ನಿಂತರು. "ಯಾವ ಡಾಕ್ಟರ್ ಯವ್ವಾ? ಹೆಸರ ಹಿಡದ ಹೇಳಬೇಕು!" ಚಂದವ್ವ ನಾಚಿ ಸೆರಗು ಮುಂದಕ್ಕೆಳೆದುಕೊಂಡಳು. "ನಮ್ಮ ಮನಿಯವರ ಹೆಸರೂ ಅದಾ ಐತ್ರಿ, ಬಾಯಾಗ ಹ್ಯಾಂಗ ತರ್ಲಿ? ಅದಕ್ಕ ನೀರಷ್ಟ ಸೋಸತೇನ್ರಿ."