ಹೊಸ್ತಿಲು ದಾಟಿದ ಶೂ

ಇವತ್ತು ವಿಜಯನಗರದ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್ ದಪ್ಪ ಹಿಮ್ಮಡಿಯ ಶೂ ತೋರಿಸಿ, "ಹಾಕ್ಕೊಂಡ್ ನೋಡಿ ಸಾರ್, ಮರ್ಯಾದೆ ತಾನಾಗೇ ಬರುತ್ತೆ" ಎಂದ. ಹೊಸ ಚರ್ಮದ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟೊಂದು ಕೆರಳಿತು.

ನಾನು ಚಿಕ್ಕವನಿದ್ದಾಗ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯಲ್ಲಿ ಅಜ್ಜಿಯದೇ ಕಾನೂನು. ಸಿಲಿಂಡರ್ ಹೊತ್ತು ತರುವವನೂ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟೇ ಒಳಗೆ ಬರಬೇಕಿತ್ತು. ಆದರೆ ನಮ್ಮ ಅತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ನೋಡಲು ಬಂದ ಗಂಡು ಶೂ ಸಮೇತ ನಡುಮನೆಗೆ ಬಂದು ಕೂತ. ಅಜ್ಜಿ ನಗುತ್ತಲೇ ಫ್ಯಾನ್ ಹಾಕಿದಳು. ನೆಲದ ಮೇಲೆ ಕೂತಿದ್ದ ನನ್ನ ಮೂಗಿನ ನೇರಕ್ಕೇ ಆ ಶೂ. ಅದರ ಹಿಮ್ಮಡಿ ಇಟ್ಟಿಗೆಯಷ್ಟು ದಪ್ಪಗಿತ್ತು.

ಕಾಫಿ ಮುಗಿದ ಮೇಲೆ ಅವನ ತಾಯಿ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದಳು. ಅತ್ತೆ ಬರಿಗಾಲಲ್ಲಿ ನಿಂತರೂ ಅವನಿಗಿಂತ ಎತ್ತರ ಕಂಡಳು.

"ಸ್ವಲ್ಪ ಬಗ್ಗಿ ನಿಂತ್ಕೊಳಮ್ಮ. ಗಂಡ ಆಗೋನಿಗೆ ಮರ್ಯಾದೆ ಬೇಡ್ವಾ?" ಎಂದಳು ಆ ಹೆಂಗಸು. ಅವಳ ಮುಖ ಮರೆತಿದ್ದೇನೆ, ಆ ದನಿ ಮರೆತಿಲ್ಲ.

ಅತ್ತೆ ಬಗ್ಗಲಿಲ್ಲ. "ಮೊದ್ಲು ನಿಮ್ಮ ಮಗನಿಗೆ ಶೂ ಬಿಚ್ಚಿ ಬರೋಕೆ ಹೇಳಿ. ಎದುರಿಗೇ ದೇವರ ಮನೆ ಇದೆ" ಎಂದಳು.

ಅವರು ಹೊರಟೇ ಹೋದರು. ಅವನ ಶೂ ಬಿಟ್ಟುಹೋದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಅಜ್ಜಿ ಬೈದದ್ದು ಅತ್ತೆಯನ್ನೇ. "ಒಂದ್ ಗಳಿಗೆ ಬಗ್ಗಿದ್ರೆ ನಿನ್ ಗಂಟೇನ್ ಹೋಗ್ತಿತ್ತು?"

"ಪ್ಯಾಕ್ ಮಾಡ್ಲಾ ಸಾರ್?" ಎಂದು ಸೇಲ್ಸ್‌ಮನ್ ಕೇಳಿದ.

"ಬಾಗಿಲಲ್ಲಿ ಇದನ್ನ ಬಿಚ್ಚಿಟ್ಟ ಮೇಲೆ ಆ ಮರ್ಯಾದೆ ಏನಾಗುತ್ತಪ್ಪ?" ಎಂದೆ.