ಟೋಲ್ ಗೇಟಿನ ಪಕ್ಕದ ತೆಂಗಿನ ತೋಟ

ಬ್ಯಾಂಕಿನಲ್ಲಿ ನನಗೆ ಸಂಬಳ ಕೊಡುವುದೇ ಅನುಮಾನ ಪಡುವುದಕ್ಕೆ. ರಸ್ತೆ ಮಾಡುತ್ತೇವೆ, ಟೋಲ್ ವಸೂಲಿ ಮಾಡುತ್ತೇವೆ, ಅದರಲ್ಲೇ ನಿಮ್ಮ ಸಾಲ ತೀರಿಸುತ್ತೇವೆ ಎಂದು ಕಂಪನಿಯವರು ದಪ್ಪ ವರದಿ ತಂದಿಡುತ್ತಾರೆ. ಅದರಲ್ಲಿ ಎಷ್ಟು ನಿಜ, ಎಷ್ಟು ಬುರುಡೆ ಎಂದು ನೋಡಿ ನಾನು ಸಹಿ ಹಾಕಬೇಕು.

ಅರಕಲಗೂಡಿನಿಂದ ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗುವ ಟೋಲ್ ರಸ್ತೆಯದು ನಾನು ಒಬ್ಬಳೇ ನೋಡಿದ ಮೊದಲ ವರದಿ. ಸಾಲ ಮುಳುಗಿದರೆ ಮೊದಲು ಕರೆಸುವುದು ಸಹಿ ಹಾಕಿದವರನ್ನೇ ಎಂದು ನಮ್ಮ ಮುಖ್ಯಸ್ಥರು ನಗುತ್ತಾ ಹೇಳಿದ್ದರು. ಅವರ ಆ ನಗು ನನಗೆ ಮೊದಲಿನಿಂದಲೂ ಆಗದು.

ಇಡೀ ಲೆಕ್ಕ ನಿಂತಿದ್ದದ್ದು ಒಂದೇ ಸಾಲಿನ ಮೇಲೆ. ಇಂದು ಆ ದಾರಿಯಲ್ಲಿ ಓಡಾಡುವ ಗಾಡಿಗಳೆಲ್ಲ ನಾಳೆ ಟೋಲ್ ಕಟ್ಟುತ್ತವೆ, ಏಕೆಂದರೆ ಬೇರೆ ದಾರಿಯಿಲ್ಲ. ನಾನು ಹಾಸನದ ಮಗಳು, ಈ ಸೀಮೆಯ ರಸ್ತೆಗಳನ್ನು ಯಾರಿಂದಲೂ ಕಲಿಯಬೇಕಿಲ್ಲ ಎಂಬ ಜಂಬ ಬೇರೆ. ನಕ್ಷೆ ನೋಡಿದೆ, ಇನ್ನೊಂದು ರಸ್ತೆ ಕಾಣಲಿಲ್ಲ, ಪೆನ್ಸಿಲಿನಲ್ಲಿ ಸರಿ ಎಂದು ಗುರುತು ಹಾಕಿದೆ. ಸ್ಥಳ ನೋಡಿ ಬಂದು ಸಹಿ ಹಾಕುವುದಷ್ಟೇ ಬಾಕಿ.

ಕಂಪನಿಯ ಕಾರಿನಲ್ಲೇ ಹೊರಟೆವು, ಅವರ ಎಂಜಿನಿಯರು, ನಾನು, ಅರಕಲಗೂಡಿನವನೊಬ್ಬ ಡ್ರೈವರು. ಎಂಜಿನಿಯರು ಒಳ್ಳೆಯ ಮನುಷ್ಯ, ಬಾಯಿಗೆ ಮಾತ್ರ ಬಿಡುವಿಲ್ಲ. ಶುಂಠಿ ಲಾರಿ ಕಂಡರೂ ಟೋಲ್, ಎಳನೀರಿನ ಲಾರಿ ಕಂಡರೂ ಟೋಲ್ ಎಂದು ಬೆರಳು ತೋರಿಸುತ್ತಿದ್ದರು. ಚನ್ನರಾಯಪಟ್ಟಣದಲ್ಲಿ ಊಟ ಮುಗಿಸಿ, ಈಗಾಗಲೇ ಟೋಲ್ ಗೇಟಿರುವ ಹೆದ್ದಾರಿಯಲ್ಲಿ ಹಾಸನಕ್ಕೆ ತಿರುಗಿದಾಗ, ಸ್ವಲ್ಪ ಜನರಾದರೂ ಟೋಲ್ ತಪ್ಪಿಸುವುದಿಲ್ಲವೇ ಎಂದು ಶಾಸ್ತ್ರಕ್ಕೊಂದು ಪ್ರಶ್ನೆ ಕೇಳಿದೆ. ಕಾರಿರುವ ಮರ್ಯಾದಸ್ಥರು ಯಾರೂ ಹಾಗೆ ಮಾಡುವುದಿಲ್ಲ ಎಂದು ಅವರು ಸುದೀರ್ಘವಾಗಿ ವಿವರಿಸಿದರು. ನಾನೂ ತಲೆದೂಗಿದೆ.

ಕಾರು ಗಕ್ಕನೆ ನಿಂತಾಗಲೇ ಇಬ್ಬರೂ ಹೊರಗೆ ನೋಡಿದ್ದು. ಎರಡೂ ಕಡೆ ತೆಂಗಿನ ತೋಟ. ಕಾಯಿ ತುಂಬಿದ ಟ್ರ್ಯಾಕ್ಟರ್ ಎದುರಾಗಿತ್ತು. ನಮ್ಮ ಹಿಂದೆ ಐದಾರು ಕಾರು, ಒಂದು ಮದುವೆ ವ್ಯಾನು. ಹೆದ್ದಾರಿಯ ಸುಳಿವೇ ಇಲ್ಲ. ಇದೆಲ್ಲಿಗೆ ಬಂದೆವು ಎಂದು ಕೇಳಿದೆ.

"ಟೋಲ್ ತಪ್ಸ್ಕೊಂಡು ಬಂದೆ ಮೇಡಂ," ಎಂದ ಡ್ರೈವರು. "ಮುಂದೆ ಗೇಟಿಂದಾಚೆ ಸೇರ್ಕೋತದೆ. ಎಲ್ರೂ ಇಂಗೇ ಓಗೋದು."

ಎಂಜಿನಿಯರ ಮುಖ ನೋಡಬೇಕಿತ್ತು. ಕಾರಿಗೆ ಫಾಸ್ಟ್ಯಾಗ್ ಹಾಕಿಸಿದ್ದೇವಲ್ಲಯ್ಯಾ, ಅದರಲ್ಲಿ ದುಡ್ಡೂ ಇದೆಯಲ್ಲ ಎಂದು ತೊದಲಿದರು.

"ಐತೆ ಸಾ. ಅಂಗಂತ ಸುಮ್‌ಸುಮ್ನೆ ಕಟ್ಟಕ್ಕಾಯ್ತದಾ? ಕಂಪ್ನಿ ದುಡ್ಡು ಅಂದ್ರೆ ನಮ್ ದುಡ್ಡಲ್ವಾ ಸಾ," ಎಂದ, ಶಭಾಷ್ ಎನ್ನುತ್ತಾರೇನೋ ಎಂಬಂತೆ ಕನ್ನಡಿಯಲ್ಲಿ ನೋಡುತ್ತಾ.

ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಮತ್ತೊಮ್ಮೆ ಹೊರಗೆ ನೋಡಿದೆ. ಈ ತೋಟ, ಅದರ ಮೂಲೆಯ ಪಂಪ್‌ಹೌಸು ನಾನು ಕಂಡದ್ದೇ. ತಿಂಗಳಿಗೊಮ್ಮೆ ಅಣ್ಣನ ಕಾರಿನಲ್ಲಿ ಊರಿಗೆ ಬರುವಾಗ ನಾವೂ ಇಲ್ಲೇ ಬರುತ್ತೇವೆ! ಅದನ್ನು ಟೋಲ್ ತಪ್ಪಿಸುವುದು ಎಂದು ಒಂದು ದಿನವೂ ಅಂದುಕೊಂಡಿರಲಿಲ್ಲ, ಮನೆಗೆ ಹೋಗುವ ದಾರಿ ಎಂದುಕೊಂಡಿದ್ದೆ. ಥೂ, ನನ್ನ ಬುದ್ಧಿಗಿಷ್ಟು! ಆ ಪೆನ್ಸಿಲ್ ಗುರುತಿನ ಮೇಲೆ ಸೋಮವಾರ ಸಹಿ ಬೀಳುವುದಿತ್ತು.

ಟ್ರ್ಯಾಕ್ಟರ್ ಹಿಂದೆ ಸರಿಯುವವರೆಗೆ ಇಳಿದು ನಿಂತು ಗಾಡಿಗಳನ್ನು ಎಣಿಸಿದೆ. ಮಾರನೆಯ ದಿನ ಅದೇ ಡ್ರೈವರು ನಮ್ಮ ಹೊಸ ರಸ್ತೆಯ ಅಕ್ಕಪಕ್ಕದ ನಾಲೆ ಏರಿಗಳನ್ನೂ ತೋಟದ ದಾರಿಗಳನ್ನೂ ಉತ್ಸಾಹದಿಂದ ತೋರಿಸಿದ. ನಕ್ಷೆಯಲ್ಲಿ ಒಂದೂ ಇರಲಿಲ್ಲ. ಪೆನ್ಸಿಲ್ ಗುರುತು ಅಳಿಸಿದೆ. ಟೋಲಿನ ಆದಾಯ ಇಳಿಸಿ, ಸಾಲ ಕಡಿಮೆ ಮಾಡಿ, ಕಂಪನಿ ತನ್ನ ಕೈಯಿಂದ ಇನ್ನಷ್ಟು ಹಾಕಬೇಕೆಂದು ಬರೆದೆ.

ಇಷ್ಟಕ್ಕೆಲ್ಲ ಆಧಾರವೇನು ಎಂಬ ಜಾಗ ಖಾಲಿ ಉಳಿಯಿತು. 'ಕಂಪನಿಯದೇ ಕಾರಿನಲ್ಲಿ, ಕಂಪನಿಯದೇ ಎಂಜಿನಿಯರರ ಜೊತೆ ಟೋಲ್ ತಪ್ಪಿಸಿಕೊಂಡು ಹೋಗಿ ಕಣ್ಣಾರೆ ಕಂಡದ್ದು' ಎಂದು ಬರೆದು ಎಂಜಿನಿಯರ ಮುಂದಿಟ್ಟೆ. ಎರಡು ಸಲ ಓದಿದರು. ಸಾಕ್ಷಿಯೆಂದು ಸಹಿ ಹಾಕಿದರು. ಅದರ ಕೆಳಗೆ ನಾನೂ ಹಾಕಿದೆ, ಪೆನ್ನಿನಲ್ಲಿ.